ಗೋಡೌನಲ್ಲಿ ನಿಂತ ಯೆಜ್ಡಿ 250: ಪಿಸ್ಟನ್ ಜಾಮ್, ಟ್ಯಾಂಕ್ ತುಕ್ಕು. ಎಲ್ಲಿಂದ ಶುರು ಮಾಡೋದು?

ತಡಿಯಂಡಮೋಳ್:
1974ರ ಯೆಜ್ಡಿ 250 ಬೈಕು, ಬಿ ಟೈಪ್, ಟೂ ಸ್ಟ್ರೋಕ್ ಎಂಜಿನ್. ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ಗೋಡೌನಲ್ಲಿ 11 ವರ್ಷದಿಂದ ನಿಂತಿದೆ. ಕಿಕ್ಕರ್ ಅಲ್ಲಾಡುತ್ತಿಲ್ಲ. ನ್ಯೂಟ್ರಲಲ್ಲಿ ತಳ್ಳಿದರೆ ಗಾಡಿ ಹೋಗುತ್ತದೆ, ಗೇರ್ ಹಾಕಿದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಚಕ್ಕೆ ಚಕ್ಕೆ ತುಕ್ಕು, ತೂತು ಇಲ್ಲ. ಗೇರ್‌ಬಾಕ್ಸ್ ಡ್ರೇನ್ ಬೋಲ್ಟ್ ಬಿಚ್ಚಿದರೆ ಹಾಲು ಹಾಕಿದ ಕಾಫಿ ಬಣ್ಣದ ಎಣ್ಣೆ ಬಂತು. ವರ್ನಿಯರ್, ಫೀಲರ್ ಗೇಜ್, ಮಲ್ಟಿಮೀಟರ್, ಸ್ಪ್ಯಾನರ್ ಸೆಟ್ ಮನೆಯಲ್ಲಿವೆ.

ಈ ಮಳೆಗಾಲದಲ್ಲಿ ಪೇಂಟ್ ಮುಗಿಸಿ ಆಮೇಲೆ ಎಂಜಿನ್ ಬಿಚ್ಚೋಣ ಅಂತ ಯೋಚನೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಓಡಬೇಕು. ಕ್ರಮ ಸರಿಯಾ?

ಜೋಡಿ ಸೈಲೆನ್ಸರ್:
ತಿರುಗುಮುರುಗು ಮಾಡಿ. ಜುಲೈ, ಆಗಸ್ಟಲ್ಲಿ ನಾಪೋಕ್ಲು ಕಡೆ ಪೇಂಟ್ ಹೊಡೆದರೆ ಗಾಳಿಯ ತೇವ ಪೇಂಟಿನ ಮೇಲೆ ಕೂತು ಬಿಳಿ ಮಸುಕು ಬರುತ್ತದೆ. ಪ್ರೈಮರ್ ಕೆಳಗೆ ತೇವ ಸಿಕ್ಕಿಕೊಂಡರೆ ಮುಂದಿನ ವರ್ಷ ಗುಳ್ಳೆ ಏಳುತ್ತದೆ. ಮಳೆ ಹಿಡಿದಿರುವಾಗ ಎಂಜಿನ್ ಬಿಚ್ಚಿ ಒಳಗೆ ಕೂತು ಮಾಡುವ ಕೆಲಸ ಮುಗಿಸಿ, ಪೇಂಟ್ ನವೆಂಬರಿಗೆ ಇಟ್ಟುಕೊಳ್ಳಿ.

ಕಿಕ್ಕರ್ ಮೇಲೆ ನಿಂತು ತುಳಿಯಬೇಡಿ. ಜಾವಾ, ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಅದರ ಶಾಫ್ಟಿನ ಹಲ್ಲು ಸವೆದರೆ ಎರಡೂ ಕೆಲಸ ಹೋಯಿತು. ಇದರ ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಬೀಡುಕಬ್ಬಿಣದ್ದು, ಅಂದರೆ ತುಕ್ಕು ಹಿಡಿದಿರುವುದು ರಿಂಗು ಕೂತ ಜಾಗದಲ್ಲಿ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ತೆಗೆದು, ಸೀಮೆಎಣ್ಣೆ ಮತ್ತು 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ) ಸಮಸಮ ಬೆರೆಸಿ ಪಿಸ್ಟನ್ ಮೇಲೆ 50 ಮಿ.ಲೀ. ಸುರಿದು ನಾಲ್ಕು ದಿನ ಬಿಡಿ. ಇಂಗಿದಂತೆ ಮತ್ತೆ ಹಾಕಿ. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಸ್ವಲ್ಪ ಜರುಗಿದರೂ ಸಾಕು, ಮತ್ತೆ ಎಣ್ಣೆ, ಮತ್ತೆ ಒಂದು ದಿನ. ಬಡಿಯಲೇಬೇಕಾದರೆ ಬೋರಿಗಿಂತ ಸ್ವಲ್ಪ ಸಣ್ಣ ಮರದ ಗುಂಡಿ ಇಟ್ಟು ಅದರ ಮೇಲೆ ಬಡಿಯಿರಿ, ಪಿಸ್ಟನ್ನಿಗೆ ನೇರವಾಗಿ ಸುತ್ತಿಗೆ ಬೇಡ.

ಪಿಸ್ಟನ್ ಬಿಟ್ಟ ಮಾತ್ರಕ್ಕೆ ಹೆಡ್ ಮುಚ್ಚಿ ಸ್ಟಾರ್ಟ್ ಮಾಡಲು ಹೋಗಬೇಡಿ. ಎಣ್ಣೆ ಹಾಲಿನ ಬಣ್ಣ ಇದ್ದರೆ ನೀರು ಇಳಿದಿದೆ ಎಂದರ್ಥ. ಪ್ರೈಮರಿ ಚೈನಿನ ಕಡೆಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ, ಹಾಗಾಗಿ ಬೇರಿಂಗ್ ಎಲ್ಲ ಆ ನೀರಲ್ಲೇ ಕೂತಿವೆ. ಕ್ರ್ಯಾಂಕ್ ಇರುವ ಕೋಣೆಯಲ್ಲಂತೂ ಎಣ್ಣೆಯೇ ನಿಲ್ಲುವುದಿಲ್ಲ, ಪೆಟ್ರೋಲ್ ಜೊತೆ ಬಂದದ್ದಷ್ಟೇ. ಕೇಸ್ ಪೂರ್ತಿ ಬಿಡಿಸಿ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ: ಆ ದಿಕ್ಕಿನಲ್ಲಿ ಆಟ ಸ್ವಲ್ಪವೂ ಇರಬಾರದು, ಅಕ್ಕಪಕ್ಕಕ್ಕೆ ಚೂರು ಇದ್ದರೆ ಪರವಾಗಿಲ್ಲ. ತಿರುಗಿಸಿದಾಗ ಮರಳು ಅರೆದಂತೆ ಅನಿಸಿದರೆ ಬಿಗ್ ಎಂಡ್ ಬೇರಿಂಗಿಗೆ (ರಾಡು ಕ್ರ್ಯಾಂಕಿಗೆ ಸೇರುವ ಕಡೆಯದು) ತುಕ್ಕಿನ ಗುಳಿ ಬಿದ್ದಿದೆ. ಕ್ರ್ಯಾಂಕ್ ಪ್ರೆಸ್ ಮಾಡಿಸಿ ಹೊಸ ಪಿನ್, ಬೇರಿಂಗ್ ಹಾಕಿಸುವುದು ಮೈಸೂರಿನಲ್ಲಿ ಆಗುವ ಕೆಲಸ. 1996ರಲ್ಲಿ ಯೆಜ್ಡಿ ಕಾರ್ಖಾನೆ ಮುಚ್ಚಿದರೂ ಅಲ್ಲಿ ಈ ಗಾಡಿಯ ಕೈ ಬಲ್ಲವರು ಇದ್ದಾರೆ.

ಹಾರಂಗಿ ದಂಡೆ:
ಮೇಲಿನದಕ್ಕೆ ಸೇರಿಸುತ್ತೇನೆ. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ನೋಡಲು ಚೆನ್ನಾಗಿದ್ದರೂ ಬದಲಿಸಲೇಬೇಕು. 11 ವರ್ಷದಲ್ಲಿ ಸೀಲಿನ ತುಟಿ ಗಟ್ಟಿಯಾಗಿರುತ್ತದೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಎಳೆದುಕೊಂಡು ದಟ್ಟ ಬಿಳಿ ಹೊಗೆ ಬಿಡುತ್ತದೆ, ಗೇರ್‌ಬಾಕ್ಸಲ್ಲಿ ಮಟ್ಟ ಇಳಿಯುತ್ತದೆ. ಜನ ಕಾರ್ಬೊರೇಟರ್ ಬಿಚ್ಚುತ್ತಾರೆ, ತಪ್ಪು ಅಲ್ಲಿರುವುದಿಲ್ಲ. ಬಲಗಡೆ, ಡೈನಮೋ ಕಡೆಯದು ಹೋದರೆ ಹೆಚ್ಚು ಅಪಾಯ: ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ, ಪಿಸ್ಟನ್ ಮತ್ತೆ ಹಿಡಿಯುತ್ತದೆ.

ಬೋರು ಹೊಡೆಸುವುದಾದರೆ (ಸಿಲಿಂಡರನ್ನು ಒಳಗಿಂದ ಕೊರೆದು ಅಗಲಿಸುವುದು) ಮೊದಲು ಪಿಸ್ಟನ್ ಕೊಂಡು, ಅದನ್ನೇ ಲೇತಿನವರ ಕೈಗೆ ಕೊಡಿ. ಪಿಸ್ಟನ್ನಿನ ಅಳತೆಗೆ ಬೋರು ಆಗಬೇಕೇ ಹೊರತು ಬೋರಿನ ಅಳತೆಗೆ ಪಿಸ್ಟನ್ ಹುಡುಕುವಂತಾಗಬಾರದು. ಮೂಲ ಬೋರು 65 ಮಿ.ಮೀ., ಓವರ್‌ಸೈಜ್ 0.25 ಮಿ.ಮೀ. ಹೆಜ್ಜೆಯಲ್ಲಿ ಸಿಗುತ್ತದೆ. ರಿಂಗನ್ನು ಬೋರಿನೊಳಗೆ ನೇರವಾಗಿ ಕೂರಿಸಿ ಬಾಯಿಯ ಸಂದು ಅಳೆಯಿರಿ, 0.2ರಿಂದ 0.3 ಮಿ.ಮೀ. ಇರಲಿ. ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ: ಬೋರು ಹೊಡೆದ ಮೇಲೆ ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ಕಿಂಡಿ) ಅಂಚು ಬ್ಲೇಡಿನಂತೆ ಹರಿತ ಇರುತ್ತದೆ. ಎಮರಿ ಸುತ್ತಿದ ಸಣ್ಣ ಕಡ್ಡಿಯಿಂದ ಎಲ್ಲ ಪೋರ್ಟಿನ ಅಂಚನ್ನೂ ತುಸು ಉಜ್ಜಿ ಹರಿತ ತೆಗೆಯಿರಿ, ಇಲ್ಲದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಹಳೆಯದನ್ನು ಮತ್ತೆ ಹಾಕಬಾರದು.

ಹೆಡ್ ತೆಗೆದಿರುವಾಗಲೇ ಟೈಮಿಂಗ್ (ಕಿಡಿ ಹಾರುವ ಕ್ಷಣ ಹೊಂದಿಸುವುದು) ಮುಗಿಸಿ. ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್) ಸಂದು 0.4 ಮಿ.ಮೀ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ವರ್ನಿಯರಿನ ಆಳದ ಕಡ್ಡಿಯಿಂದ ಅಳೆದು, ಎಂಜಿನ್ ತಿರುಗುವ ದಿಕ್ಕಿಗೆ ಎದುರಾಗಿ 3ರಿಂದ 3.5 ಮಿ.ಮೀ. ಇಳಿಸಿ. ಅಲ್ಲಿ ಪಾಯಿಂಟ್ ಬಿಡಲು ಶುರುವಾಗಬೇಕು. ನಡುವೆ ತೆಳು ಕಾಗದ ಇಟ್ಟರೆ ಅದು ಸಡಿಲವಾಗುವ ಕ್ಷಣ ಗೊತ್ತಾಗುತ್ತದೆ. ಕಂಡೆನ್ಸರ್ ಹೊಸದು ಹಾಕಿ.

ಜೋಡಿ ಸೈಲೆನ್ಸರ್:
ಟ್ಯಾಂಕಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬೇಡಿ, ಅದು ಕ್ರೋಮನ್ನು ತಿನ್ನುತ್ತದೆ. ಅಂಗಡಿಯಲ್ಲಿ ನಿಂಬೆಉಪ್ಪು ಅಂತ ಕೊಡುವ ಸಿಟ್ರಿಕ್ ಆಸಿಡ್ ಸಾಕು. ಪೆಟ್ರೋಲ್ ಕಾಕ್ ಬಿಚ್ಚಿ ತೂತಿಗೆ ಬೋಲ್ಟ್, ಫೈಬರ್ ವಾಷರ್ ಹಾಕಿ ಮುಚ್ಚಿ. ಮೊದಲು ಸ್ವಲ್ಪ ನೀರಿನ ಜೊತೆ ಎಣಿಸಿದ 20 ನಟ್ ಹಾಕಿ ಅಲ್ಲಾಡಿಸಿದರೆ ಚಕ್ಕೆ ಉದುರುತ್ತದೆ. 20ನ್ನೂ ವಾಪಸ್ ಎಣಿಸಿ ತೆಗೆಯಿರಿ. ಆಮೇಲೆ ಲೀಟರಿಗೆ 60 ಗ್ರಾಂ ಲೆಕ್ಕದಲ್ಲಿ, ಟ್ಯಾಂಕ್ ತುಂಬುವ 13 ಲೀಟರ್ ಬಿಸಿನೀರಿಗೆ ಸುಮಾರು 800 ಗ್ರಾಂ ಕರಗಿಸಿ ಬಾಯಿಯವರೆಗೆ ತುಂಬಿ ಒಂದು ರಾತ್ರಿ ಬಿಡಿ. ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ತಡಮಾಡದೆ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ನಮ್ಮ ಹವೆಯಲ್ಲಿ ಬರೀ ಕಬ್ಬಿಣ ಅರ್ಧ ಗಂಟೆಯಲ್ಲಿ ಕೆಂಪಾಗುತ್ತದೆ. ಒಣಗಿದ ಕೂಡಲೇ 200 ಮಿ.ಲೀ. 2ಟಿ ಆಯಿಲ್ ಸುರಿದು ಎಲ್ಲ ಕಡೆ ತಾಗುವಂತೆ ಹೊರಳಿಸಿ.

ತಡಿಯಂಡಮೋಳ್:
ತುಂಬಾ ಉಪಕಾರ. ಪೇಂಟ್ ಮುಂದಕ್ಕೆ ಹಾಕಿದೆ. ಇನ್ನೆರಡು ಪ್ರಶ್ನೆ: ಫ್ರೇಮಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಬಹುದಾ? ಹೊಸ ಬೋರಿಗೆ ಪೆಟ್ರೋಲಿನಲ್ಲಿ 2ಟಿ ಆಯಿಲ್ ಎಷ್ಟು? ಮಡಿಕೇರಿ, ಸಂಪಾಜೆ ಘಾಟಿಯಲ್ಲೂ ಓಡಾಟ ಇದೆ.

ಹಾರಂಗಿ ದಂಡೆ:
ಮಾಡಿಸಿ, ಆದರೆ ಚಾಸಿ ನಂಬರ್ ಕೊರೆದ ಜಾಗಕ್ಕೆ ದಪ್ಪ ಟೇಪ್ ಸುತ್ತಿಸಿ, ಅಲ್ಲಿ ಪೇಂಟನ್ನು ರಿಮೂವರ್ ಹಚ್ಚಿ ಕೈಯಲ್ಲೇ ತೆಗೆಯಿರಿ. ಅಕ್ಷರ ಅಳಿಸಿದರೆ ಆರ್‌ಟಿಒ ತಪಾಸಣೆಯಲ್ಲಿ ನೋಂದಣಿ ನವೀಕರಣ ನಿಂತುಹೋಗುತ್ತದೆ. ಬ್ಲಾಸ್ಟ್ ಆದ ದಿನವೇ ಪ್ರೈಮರ್ ಬೀಳಬೇಕು. ಪೇಂಟ್ ಆದ ಮೇಲೆ ಅರ್ಥ್ ಕೂರುವ ಜಾಗಗಳನ್ನು ಕೆರೆದು ಲೋಹ ಕಾಣಿಸಿ. 6 ವೋಲ್ಟಿನಲ್ಲಿ 35 ವ್ಯಾಟ್ ಬಲ್ಬು ಸುಮಾರು 6 ಆಂಪ್ ಎಳೆಯುತ್ತದೆ, ಅರ್ಥ್ ಸರಿಯಿಲ್ಲದಿದ್ದರೆ ಹೆಡ್‌ಲೈಟ್ ಮಿಣುಕು ದೀಪ ಆಗುತ್ತದೆ. ಹಿಂದಿನ ಚೈನ್ ಕವರ್ ಬಿಸಾಡಬೇಡಿ, ಈ ಕೆಸರಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಆಯಿಲ್ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ., ಆಮೇಲೆ 40. ಘಾಟಿ ಇಳಿಯುವಾಗ ಎಚ್ಚರ: ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆ ಮಾತ್ರ. ಗೇರಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಇಳಿಯುತ್ತಾ ಹೋದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಎಣ್ಣೆ ಸಿಗುವುದಿಲ್ಲ. ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಟ್ಟು ಬಿಡಿ. ಇದಕ್ಕೇ ಬ್ರೇಕ್ ಲೈನರ್ ಹೊಸದಿರಬೇಕು, ಇಳಿಜಾರಿನ ಭಾರವೆಲ್ಲ ಡ್ರಮ್ಮಿನ ಮೇಲೆ ಬೀಳುತ್ತದೆ.

ಜೋಡಿ ಸೈಲೆನ್ಸರ್:
ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ಹಳೆಯ ಪೈಪು, ಕಾಕಿನೊಳಗಿನ ಕಾರ್ಕ್ ಬದಲಿಸಿ ಎಥನಾಲ್ ತಡೆಯುವಂಥದ್ದನ್ನು ಹಾಕಿ. ಮಳೆಗಾಲದಲ್ಲಿ ಎರಡು ವಾರಕ್ಕಿಂತ ಹೆಚ್ಚು ಓಡಿಸದೆ ಇಡುವುದಾದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿ, ಎರಡೂ ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿಡಿ.