ಸಹಾಯ ಬೇಕು: ಸಿಡಿಲಿಗೆ ಲ್ಯಾನ್ ಪೋರ್ಟ್ ಹೋಗ್ಯಾದ, ಯಾವ ಕಾರ್ಡ್ ಹಾಕ್ಬೇಕ್ರಿ?

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಮ್ದೊಂದು ಝೆರಾಕ್ಸ್ ಅಂಗಡಿ ಅದ. ಹಳೇ ಕಟ್ಟಡ, ದಪ್ಪನ ಕಲ್ಲಿನ ಗೋಡಿ, ವೈಫೈ ಒಳಗಿನ ಖೋಲಿ ಮುಟ್ಟಂಗಿಲ್ಲ. ಹಂಗಾಗಿ ರೌಟರ್‌ನಿಂದ ಸ್ವಿಚ್ಚಿಗೆ, ಅಲ್ಲಿಂದ ಎಲ್ಲಾ ಕಂಪ್ಯೂಟರಿಗೂ ಕೇಬಲ್ಲೇ ಎಳೆದೀವಿ.

ಮೊನ್ನೆ ಮಳ್ಯಾಗ ಸಿಡಿಲು ಹೊಡೀತು ನೋಡ್ರಿ, ಅವತ್ತಿಂದ ಒಂದು ಪಿಸಿ ನೆಟ್ ಹಿಡೀವಲ್ದು. ಲ್ಯಾನ್ ಪೋರ್ಟಿನ (ನೆಟ್ ಕೇಬಲ್ ಚುಚ್ಚೋ ಜಾಗದ) ಹಸಿರು, ಹಳದಿ ದೀಪ ಎರಡೂ ಹತ್ತವಲ್ವು. ಡಿವೈಸ್ ಮ್ಯಾನೇಜರ್‌ದಾಗ ಅಡಾಪ್ಟರ್ ಹೆಸರೇ ಇಲ್ಲ. ಅದೇ ಕೇಬಲ್ ಲ್ಯಾಪ್‌ಟಾಪಿಗೆ ಹಚ್ಚಿದ್ರ ಚಲೋ ನಡೀತದ. ರಿಪೇರಿಯವ್ರು ಮದರ್‌ಬೋರ್ಡೇ ಬದಲಿ ಮಾಡ್ರಿ ಅಂತಾರ. ಉಳಿದದ್ದೆಲ್ಲಾ ನಡೀತಿರೋವಾಗ ಅಷ್ಟು ಖರ್ಚು ಯಾಕ್ರಿ?

ಪಿಸಿಐ ಎಕ್ಸ್‌ಪ್ರೆಸ್‌ದು ಸಣ್ಣ ಸ್ಲಾಟ್ ಒಂದು ಖಾಲಿ ಅದ. ಅದಕ್ಕ ಗಿಗಾಬಿಟ್ (1000 ಎಂಬಿಪಿಎಸ್ ವೇಗದ್ದು) ಲ್ಯಾನ್ ಕಾರ್ಡ್ ಹಾಕ್ಲಿ, ಇಲ್ಲಾ ಯುಎಸ್‌ಬಿ ಅಡಾಪ್ಟರ್ ತಗೊಳ್ಲಿ? ಈ ಪಿಸಿಯಾಗ ಇರೋದು ಯುಎಸ್‌ಬಿ 2.0, ಅಂದ್ರ 480 ಎಂಬಿಪಿಎಸ್ ದಾಟಂಗಿಲ್ಲ. ಸ್ಕ್ಯಾನ್ ಫೈಲ್ ದೊಡ್ಡವು ಇರ್ತಾವ, ಅದಕ್ಕ ನನ್ನ ಒಲವು ಕಾರ್ಡ್ ಕಡೆ. ಯಾವ ಚಿಪ್ಪಿಂದು ಬಾಳಿಕಿ ಬರ್ತದ?

ಇನ್ನೊಂದ್ರಿ. ಸ್ವಿಚ್ಚಿನ ಒಂದು ಪೋರ್ಟು ಈಗ 1000 ಎಂಬಿಪಿಎಸ್ ಬಿಟ್ಟು 100ಕ್ಕ ನಿಂತದ. ಗಿಗಾಬಿಟ್‌ಗೆ 4 ಜೋಡಿ ತಂತಿನೂ ಬೇಕಲ್ಲ, ಟೆಸ್ಟರ್ ಹಚ್ಚಿ ನೋಡೀನಿ, ಕೇಬಲ್ಲಿನ 8 ತಂತಿನೂ ಸರಿ ಅವ. ಪೋರ್ಟ್ ಅರ್ಧಮರ್ಧ ಸುಟ್ಟಿರಬಹುದಾ? ಲ್ಯಾನ್ ಸರ್ಜ್ ಪ್ರೊಟೆಕ್ಟರ್ (ಕೇಬಲ್‌ದಾಗ ಬರೋ ಸಿಡಿಲಿನ ಹೊಡೆತ ತಡಿಯೋದು) ಹಾಕಿದವ್ರು ಯಾರರ ಇದ್ರ, ಅರ್ಥಿಂಗ್ ಹ್ಯಾಂಗ ಕೊಟ್ರಿ ಅನ್ನೋದೂ ಹೇಳ್ರಿ.