ಎತ್ತರ ಬಿಡು, ಸೆಕೆಂಡ್ ನೋಡು

ಪುಟ್ಟಾ, ಅಕ್ಕಾ, ಭಾವ, ಮೂವರಿಗೂ ಸೇರಿಸಿ ಒಂದೇ ವಾಯ್ಸ್ ಮೆಸೇಜಿನಲ್ಲಿ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ. ಹಿಂದೆ ಮಳೆಯ ಸದ್ದು ಕೇಳಿಸಬಹುದು. ಮೂಲ್ಕಿಯಲ್ಲಿ ಬೆಳಗ್ಗೆಯಿಂದ ಒಂದೇ ಸಮ ಹೊಯ್ಯುತ್ತಿದೆ.

ಪುಟ್ಟ ಫ್ರೆಂಡ್ಸ್ ಜೊತೆ ಸರ್ಫಿಂಗಿಗೆ ಹೊರಟಿರುವ ಶ್ರೀಲಂಕಾದ ಅರುಗಂ ಬೇಯ ಅಲೆಗಳ ಮುನ್ಸೂಚನೆ ಸ್ಕ್ರೀನ್‌ಶಾಟ್ ನಿನ್ನೆ ರಾತ್ರಿ ಹಾಕಿದ್ದಾನೆ. ಜೊತೆಗೆ ಅವನ ಪ್ಲಾನ್. ‘ಚಿಕ್ಕಮ್ಮ, ಗುರುವಾರ ಬರೀ 1.2 ಮೀಟರ್. ಮೇ ತಿಂಗಳಲ್ಲಿ ನಮ್ಮ ಸಸಿಹಿತ್ಲು ಬೀಚಿನಲ್ಲಿ ಇದಕ್ಕಿಂತ ದೊಡ್ಡ ಅಲೆಯಲ್ಲಿ ಆಡಿದ್ದೇನೆ. ಗುರುವಾರ ಸುಮ್ನೆ ಕೈಕಾಲು ಬಿಸಿ ಮಾಡಿಕೊಳ್ಳುತ್ತೇವೆ. ಆಚೆ ಸೋಮವಾರ 1.7 ಇದೆ, ಅವತ್ತು ಅಲ್ಲಿನ ದೊಡ್ಡ ಅಲೆಯ ಜಾಗ, ಮೇನ್ ಪಾಯಿಂಟ್.’ ಅದಕ್ಕೆ ಅಕ್ಕ, ‘ಇಲ್ಲಿ ರೆಡ್ ಅಲರ್ಟ್, ಶಾಲೆಗೆಲ್ಲ ರಜೆ, ಇವನಿಗೆ ಕಡಲು ಬೇಕಂತೆ’ ಎಂದಿದ್ದಾಳೆ. ಭಾವ ಕೇಳಿದ್ದು, ಕೊಲಂಬೊಗೆ ಹತ್ತಿರದ ಹಿಕ್ಕಡುವ ಬಿಟ್ಟು ಏಳು ಗಂಟೆ ದಾರಿ ಯಾಕೆ ಅಂತ.

ಪುಟ್ಟಾ, ನೀನು ಪೂರ್ತಿ ಉಲ್ಟಾ ಓದಿದ್ದೀಯ. ಆ ವಾರದಲ್ಲಿ ಹುಷಾರಾಗಿರಬೇಕಾದ ದಿನ ಗುರುವಾರವೇ. ಸೋಮವಾರದ್ದು ಬರೀ ಗದ್ದಲ.

ನಿನ್ನ ಸ್ಕ್ರೀನ್‌ಶಾಟಿನಲ್ಲಿ 1.2 ಮೀಟರ್ ಪಕ್ಕದಲ್ಲೇ ಸಣ್ಣದಾಗಿ 17 ಸೆಕೆಂಡ್ ಅಂತ ಇದೆ. ಸೋಮವಾರದ 1.7ರ ಪಕ್ಕ 7 ಸೆಕೆಂಡ್. ಅದು ಪಿರಿಯಡ್. ಒಂದು ಅಲೆಯ ನೆತ್ತಿ ದಾಟಿ ಮುಂದಿನ ಅಲೆಯ ನೆತ್ತಿ ಬರುವುದಕ್ಕೆ ಬೇಕಾಗುವ ಸಮಯ. ನಾವು ಎತ್ತರ ಮಾತ್ರ ನೋಡುತ್ತೇವೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. 7 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. ಆಳ ಸಮುದ್ರದಲ್ಲಿ ಅದರ ಉದ್ದ ಸುಮಾರು 75 ಮೀಟರ್. 17 ಸೆಕೆಂಡಿನ ಅಲೆ ಇದೆಯಲ್ಲ, ಅದರ ಉದ್ದ 450 ಮೀಟರ್. ನೀರಿನ ಒಳಗೆ ಅಲೆಯ ಅಲುಗಾಟ ಅದರ ಉದ್ದದ ಅರ್ಧದಷ್ಟು ಆಳಕ್ಕೆ ಇಳಿದಿರುತ್ತದೆ. ಅಂದರೆ ಒಂದು 40 ಮೀಟರಿಗೆ ನಿಂತುಬಿಡುತ್ತದೆ, ಇನ್ನೊಂದು 200 ದಾಟಿ ಇಳಿದಿರುತ್ತದೆ. ಅಷ್ಟೂ ಅಲುಗಾಟದ ಶಕ್ತಿ ದಡದ ಹತ್ತಿರ ಬಂದಾಗ ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಹಾಗಾಗಿ ಹೊರಗೆ 1.2 ಇದ್ದದ್ದು ರೀಫ್, ಅಂದರೆ ನೀರಿನಡಿಯ ಕಲ್ಲುಹಾಸು, ಹತ್ತಿದ ಮೇಲೆ ಒಂದೂವರೆ ಪಟ್ಟು ಆಗಬಹುದು, ಕೆಲವು ಸಲ ಅದಕ್ಕೂ ಜಾಸ್ತಿ. ಸೋಮವಾರದ ಅಲೆ ಹಾಗೆ ಏಳುವುದಿಲ್ಲ.

ಲೆಕ್ಕ ಬೇಕಾ? ಎತ್ತರವನ್ನು ಎತ್ತರದಿಂದಲೇ ಗುಣಿಸು, ಬಂದದ್ದನ್ನು ಸೆಕೆಂಡಿನಿಂದ ಗುಣಿಸು. ಗುರುವಾರಕ್ಕೆ 24 ಚಿಲ್ಲರೆ ಬರುತ್ತದೆ, ಸೋಮವಾರಕ್ಕೆ 20. ನೀನು ಅಭ್ಯಾಸಕ್ಕೆ ಅಂತ ಇಟ್ಟುಕೊಂಡ ದಿನದಲ್ಲೇ ಬಲ ಜಾಸ್ತಿ.

ಅಕ್ಕಾ, ನಿನಗೆ ಈಗ. ಈ ಅಲೆಗೂ ನಮ್ಮ ಮಳೆಗೂ ಸಂಬಂಧವೇ ಇಲ್ಲ. ಇದು ಹುಟ್ಟಿದ್ದು ಆಫ್ರಿಕಾದ ತುದಿಗೂ ಆಸ್ಟ್ರೇಲಿಯಾಕ್ಕೂ ನಡುವೆ, ಅಂಟಾರ್ಕ್ಟಿಕಾದ ಕಡೆಗಿರುವ ದಕ್ಷಿಣದ ಸಾಗರದಲ್ಲಿ. ಅಲ್ಲಿ ಈಗ ಚಳಿಗಾಲ, ಬಿರುಗಾಳಿ ಒಂದರ ಹಿಂದೆ ಒಂದು. ಅಲ್ಲಿಂದ ಲಂಕೆಗೆ ಆರು ಸಾವಿರ ಕಿಲೋಮೀಟರ್ ಹತ್ತಿರ ಆಗುತ್ತದೆ. 17 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ 48 ಕಿಲೋಮೀಟರಿನಂತೆ ಬರುತ್ತದೆ, ನಮ್ಮ ಸರ್ವಿಸ್ ಬಸ್ಸಿನ ಹಾಗೆ. ಐದಾರು ದಿನದ ಪ್ರಯಾಣ. ಉದ್ದದ ಅಲೆ ವೇಗವಾಗಿ ಓಡುವುದರಿಂದ ಅದು ಮೊದಲು ಮುಟ್ಟುತ್ತದೆ, ಗಿಡ್ಡದ್ದು ಹಿಂದೆ ಬರುತ್ತದೆ. ಅದಕ್ಕೇ ಗುರುವಾರ 17, ಶನಿವಾರ 15 ಅಂತ ಸೆಕೆಂಡ್ ಇಳಿಯುತ್ತಾ ಹೋಗಿರುವುದು.

ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರಲ್ಲ, ಟಿವಿಯಲ್ಲಿ ನೋಡಿರುತ್ತೀಯ. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ಶುಭ್ರ, ಆದರೂ ಕಡಲು ಕಳ್ಳನ ಹಾಗೆ ಅಂಗಳಕ್ಕೆ ಬಂದುಬಿಡುತ್ತದೆ. ಅದೂ ಇದೇ ಜಾತಿಯ ಅಲೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ನಮ್ಮ ಕರಾವಳಿಗೆ ಎಚ್ಚರಿಕೆ ಕೊಡುವಾಗ ಎತ್ತರದ ಜೊತೆ ಸೆಕೆಂಡನ್ನೂ ಹೇಳುವುದು ಸುಮ್ಮನೆ ಅಲ್ಲ.

ಇದರಲ್ಲಿ ಇನ್ನೊಂದು ಗುಟ್ಟು ಇದೆ, ಪುಟ್ಟಾ. ಇವತ್ತು ಭಾನುವಾರ. ಗುರುವಾರದ ಅಲೆ ಈಗಾಗಲೇ ಊರು ಬಿಟ್ಟು ಹೊರಟಾಗಿದೆ, ದಾರಿಯಲ್ಲಿದೆ. ಆ ಅಂಕಿ ನಂಬಬಹುದು, ತಲುಪುವ ಹೊತ್ತು ಅರ್ಧ ದಿನ ಆಚೆ ಈಚೆ ಆದೀತು ಅಷ್ಟೇ. ಸೋಮವಾರದ್ದು ಮಾತ್ರ ಇನ್ನೂ ಬೀಸದೇ ಇರುವ ಗಾಳಿಯ ಲೆಕ್ಕ. ಎಂಟು ದಿನ ಮುಂಚೆ ಗಾಳಿ ಹೇಳುವುದು ಹೆಚ್ಚುಕಡಿಮೆ ಗಿಳಿಶಾಸ್ತ್ರ.

ಮಳೆಯ ವಿಷಯ. ಅಕ್ಕಾ, ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಹಿರಿಯೂರಿನಲ್ಲಿ ಏನಿರುತ್ತದೆ? ಬರೀ ಗಾಳಿ. ಲಂಕೆಯಲ್ಲೂ ಹಾಗೆಯೇ. ನೈಋತ್ಯ ಮುಂಗಾರು ನಡುವಿನ ಬೆಟ್ಟಗಳ ಪಶ್ಚಿಮದ ಮಗ್ಗುಲಲ್ಲಿ ನೀರೆಲ್ಲ ಸುರಿದು, ಬರಿಗೈಯಲ್ಲಿ ಪೂರ್ವಕ್ಕೆ ಇಳಿಯುತ್ತದೆ. ಅರುಗಂ ಬೇ ಪೂರ್ವದಲ್ಲಿದೆ. ಜುಲೈಯಲ್ಲಿ ಅಲ್ಲಿ ಒಣ ಬಿಸಿಲು. ಅವರಿಗೆ ಮಳೆ ಬರುವುದು ನಮ್ಮ ದೀಪಾವಳಿ ಹೊತ್ತಿಗೆ. ಆಟಿ ತಿಂಗಳಲ್ಲಿ ಕಡಲಿಗೆ ಇಳಿಯಬಾರದು ಎಂದು ಅಜ್ಜಿ ಹೇಳುತ್ತಿದ್ದದ್ದು ನಮ್ಮ ಕಡಲಿಗೆ ಸರಿ. ಇಲ್ಲಿ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ರಜೆ, ನಮ್ಮ ಬೋರ್ಡುಗಳೂ ಅಟ್ಟದಲ್ಲಿವೆ.

ಭಾವ, ನಿಮ್ಮ ಪ್ರಶ್ನೆಗೂ ಉತ್ತರ ಇದೇ. ಹಿಕ್ಕಡುವ, ಮಿದಿಗಮ ಎಲ್ಲ ನೈಋತ್ಯ ದಡದವು. ಈಗ ಗಾಳಿ ಕಡಲಿನಿಂದ ನೇರ ಅವರ ಮುಖಕ್ಕೇ ಬೀಸುತ್ತದೆ, ಅಲೆ ಎಲ್ಲ ಕಲಸಿಹೋಗಿರುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಆದರೆ ನೀವು ಹೇಳಿದ್ದೇ ಸರಿ, ಅರುಗಂ ಬೇಗೆ ಹೋಗುವುದೇ ದಂಡ. ಒಂದೇ ದ್ವೀಪ, ಎರಡು ಸೀಸನ್.

ಗಾಳಿಯನ್ನು ದಿನದ ಒಳಗೂ ನೋಡಬೇಕು. ಬೆಳಗ್ಗೆ ನೆಲದಿಂದ ಕಡಲಿಗೆ ಬೀಸುತ್ತದೆ, ಅದು ಆಫ್‌ಶೋರ್. ಅಲೆಯ ಎದೆಗೆ ಕೈ ಕೊಟ್ಟು ನಿಲ್ಲಿಸಿದ ಹಾಗೆ, ತಟ್ಟನೆ ಕವುಚುವುದಿಲ್ಲ, ಮೈಯೂ ನುಣುಪಾಗಿರುತ್ತದೆ. ಹತ್ತು ಹನ್ನೊಂದಕ್ಕೆ ನೆಲ ಕಾದು ಕಡಲ ಗಾಳಿ ಏಳುತ್ತದೆ, ಅಲ್ಲಿಗೆ ಮುಗಿಯಿತು. ಆರು ಗಂಟೆಗೆ ನೀರಲ್ಲಿರು. ರಜೆಯಲ್ಲಿ ಎಂಟಕ್ಕೆ ಏಳುವ ಹುಡುಗ ನೀನು, ಅದಕ್ಕೇ ಹೇಳುತ್ತಿದ್ದೇನೆ.

ಈಗ ಮುಖ್ಯ ವಿಷಯ, ತಳ. ಸಸಿಹಿತ್ಲು ಮರಳು. ನಂದಿನಿ, ಶಾಂಭವಿ ಸೇರುವ ಅಳಿವೆ, ಪ್ರತಿ ಮಳೆಗಾಲ ಮುಗಿದಾಗ ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಅಲೆ ಇವತ್ತು ಇಲ್ಲಿ ಒಡೆದರೆ ನಾಳೆ ಅಲ್ಲಿ. ಬಿದ್ದರೆ ಬಾಯಿಗೆ ಮರಳು, ಎದ್ದು ನಗುತ್ತೇವೆ. ಮೇನ್ ಪಾಯಿಂಟ್ ಹಾಗಲ್ಲ. ನೆಲದ ಮೂತಿಯೊಂದು ಕಡಲಿಗೆ ಚಾಚಿಕೊಂಡಿದೆ, ಅದರ ಬುಡದಲ್ಲಿ ಕಲ್ಲು, ರೀಫ್. ದಕ್ಷಿಣದಿಂದ ಬಂದ ಅಲೆ ಆ ಮೂತಿಗೆ ತಾಗಿ, ಬಾಗಿ, ಕೊಲ್ಲಿಯೊಳಗೆ ಬಲಗಡೆಗೆ ಸುರುಳಿ ಬಿಚ್ಚುತ್ತಾ ಹೋಗುತ್ತದೆ. ಪ್ರತಿ ಸಲ ಒಂದೇ ಜಾಗ, ಒಂದೇ ದಾರಿ. ಅದಕ್ಕೇ ಅಷ್ಟು ಚಂದ. ಒಂದು ಒಳ್ಳೆ ಅಲೆ ಸಿಕ್ಕಿದರೆ ಕಾಲು ನಡುಗುವವರೆಗೆ ಓಡುತ್ತದೆ. ಆದರೆ ಕಲ್ಲೂ ಪ್ರತಿ ಸಲ ಅದೇ ಜಾಗದಲ್ಲಿ ಇರುತ್ತದೆ, ಅಲ್ವಾ?

ಇಲ್ಲೂ ಸೆಕೆಂಡೇ ಬೇಕು. ಉದ್ದದ ಅಲೆಗೆ ತಳ ಬೇಗ ತಾಗುವುದರಿಂದ ಅದು ಚೆನ್ನಾಗಿ ಬಾಗುತ್ತದೆ. 7 ಸೆಕೆಂಡಿನದ್ದು ಮೂತಿಯನ್ನು ಅಷ್ಟಾಗಿ ಗಮನಿಸದೆ ಮುಂದೆ ಹೋಗಿಬಿಡುತ್ತದೆ. ದಿಕ್ಕು ಕೂಡ ನೋಡು. ಗುರುವಾರ 175 ಡಿಗ್ರಿ ಇದೆ, ಅಂದರೆ ಸರಿಯಾಗಿ ದಕ್ಷಿಣದಿಂದ ಬರುತ್ತಿದೆ. ಅದು ಹೋಗುವ ದಿಕ್ಕಲ್ಲ, ಬರುವ ದಿಕ್ಕು. 200 ದಾಟಿದ್ದರೆ ದ್ವೀಪದ ಮೂಲೆಯೇ ಸ್ವಲ್ಪ ತಿಂದುಬಿಡುತ್ತಿತ್ತು.

ನನ್ನ ಕಥೆ ಕೇಳು. ಅಕ್ಕನಿಗೂ ಇದನ್ನು ಪೂರ್ತಿ ಹೇಳಿಲ್ಲ. ಅಲ್ಲಿ ನನ್ನ ಮೊದಲ ಸೀಸನ್. ಮುನ್ಸೂಚನೆ 1 ಮೀಟರ್, 18 ಸೆಕೆಂಡ್. ನಿನ್ನ ಹಾಗೆ ನಾನೂ 1 ಮೀಟರ್ ಮಾತ್ರ ಓದಿದ್ದೆ. ದಡದಲ್ಲಿ ಐದು ನಿಮಿಷ ನಿಂತು ನೋಡಿದೆ. ಕಾರ್ಕಳದ ಆನೆಕೆರೆಯ ಹಾಗೆ ಅಲುಗಾಟವೇ ಇಲ್ಲ. ಇಳಿತದ ಹೊತ್ತು ಬೇರೆ. ಪ್ಯಾಡಲ್ ಮಾಡಿ, ಅಂದರೆ ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ನೀರು ತಳ್ಳುತ್ತಾ ಹೋಗಿ, ಉಳಿದವರೆಲ್ಲ ಯಾಕೆ ಅಷ್ಟು ಹೊರಗೆ ಕೂತಿದ್ದಾರೆ ಎಂದು ಮನಸ್ಸಲ್ಲೇ ನಗುತ್ತಾ ಒಳಗೆ ಕೂತೆ. ಉದ್ದದ ಅಲೆಗಳ ಚಾಳಿ ಅದು. ಗುಂಪಾಗಿ ಬರುತ್ತವೆ, ನಡುವೆ ಹತ್ತು ಹದಿನೈದು ನಿಮಿಷ ಏನೂ ಇರುವುದಿಲ್ಲ. ಆ ಗುಂಪಿಗೇ ಸೆಟ್ ಅನ್ನುವುದು. ಸೆಟ್ ಬಂತು. ಮೊದಲನೆಯದು ಹೇಗೋ ದಾಟಿದೆ. ಎರಡನೆಯದು ನನ್ನ ಮುಂದೆಯೇ ಒಡೆಯಿತು. ಆಮೇಲೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. ಬೋರ್ಡಿನ ಅಡಿಯ ರೆಕ್ಕೆ, ಫಿನ್, ಎರಡು ಮುರಿದವು. ಗಾಬರಿಯಲ್ಲಿ ಕಾಲು ಊರಿದೆ, ಊರಿದ್ದು ಅರ್ಚಿನ್ ಮೇಲೆ. ಮೈತುಂಬ ಕಪ್ಪು ಮುಳ್ಳಿನ ಚೆಂಡು ಅದು. ಹಿಮ್ಮಡಿಯಲ್ಲಿ ಹನ್ನೊಂದು ಮುಳ್ಳು. ನಾನಿದ್ದ ಮನೆಯ ಅಜ್ಜಿ ಬಿಸಿನೀರಲ್ಲಿ ಕಾಲು ಇಡಿಸಿ ಒಂದೊಂದೇ ತೆಗೆದರು. ನಾಲ್ಕು ದಿನ ಕುಂಟಿದೆ. ಚಪ್ಪಲಿ ಕಚ್ಚಿತು ಎಂದು ಫೋನಲ್ಲಿ ಹೇಳಿದ್ದೆನಲ್ಲ ಅಕ್ಕಾ, ಅದು ಸುಳ್ಳು.

ಹಾಗಾಗಿ ಗುರುವಾರ ಬೆಳಗ್ಗೆ ಮೇನ್ ಪಾಯಿಂಟಿಗೆ ಹೋಗು, ಆದರೆ ನೋಡಲಿಕ್ಕೆ. ಕಾಲು ಗಂಟೆ ಸಾಲದು, ಪೂರ್ತಿ ಅರ್ಧ ಗಂಟೆ ಕೂತು ಎರಡು ಸೆಟ್ ನೋಡು. ಊರಿನ ಹುಡುಗರು ಯಾವ ಕಲ್ಲಿನ ಸಂದಿಯಲ್ಲಿ ನೀರಿಗೆ ಇಳಿಯುತ್ತಾರೆ, ಎಲ್ಲಿ ಹೊರಗೆ ಬರುತ್ತಾರೆ, ಅದನ್ನು ನೋಡು. ಸಾಮಾನ್ಯವಾಗಿ ಒಳಗೆ ಮರಳಿನ ದಡಕ್ಕೆ ಬಂದು ನಡೆದು ವಾಪಸ್ ಹೋಗುತ್ತಾರೆ. ನೀರಿನ ಸೆಳೆತ ಪಾಯಿಂಟಿನಿಂದ ಕೊಲ್ಲಿಯೊಳಗೆ ಇರುತ್ತದೆ, ಅದಕ್ಕೆ ಎದುರು ಪ್ಯಾಡಲ್ ಮಾಡಿ ಕೈ ಸೋಲಿಸಿಕೊಳ್ಳಬೇಡ. ನೀನು ಮತ್ತು ನಿನ್ನ ಫ್ರೆಂಡ್ಸ್ ಅವತ್ತು ವಿಸ್ಕಿ ಪಾಯಿಂಟಿಗೆ ಹೋಗಿ. ಹೆಸರು ಹಾಗೆ ಅಷ್ಟೇ ಭಾವ, ಗಾಬರಿಯಾಗಬೇಡಿ. ಉತ್ತರಕ್ಕೆ, ಆಟೋದಲ್ಲಿ ಅರ್ಧ ಗಂಟೆಯೊಳಗೆ. ಅದೂ ಪಾಯಿಂಟೇ, ಮರಳು ಜಾಸ್ತಿ, ಅಲೆ ಮೆತ್ತಗೆ. ಬೋರ್ಡ್ ಹಿಡಿದು ಎರಡೇ ತಿಂಗಳಾದವರು ನಿಮ್ಮಲ್ಲಿ ಇದ್ದರೆ ಬೇಬಿ ಪಾಯಿಂಟ್ ಸಾಕು.

ಶುಕ್ರವಾರವೂ ಮೇನ್ ಪಾಯಿಂಟ್ ಬೇಡ. ಶನಿವಾರ 1.6 ಮೀಟರ್, 15 ಸೆಕೆಂಡ್. ಗುಣಿಸಿ ನೋಡು, 38 ಬರುತ್ತದೆ. ಅದು ನಿನ್ನ ದಿನ ಅಲ್ಲವೇ ಅಲ್ಲ. ಕ್ಯಾಮೆರಾ ತಗೊಂಡು ಹೋಗು. ಮೇಲಾಗಿ ಶನಿವಾರ ಆಷಾಢದ ಹುಣ್ಣಿಮೆ. ಅಲ್ಲಿನ ಭರತ ಇಳಿತದ ವ್ಯತ್ಯಾಸ ಎರಡು ಅಡಿಯ ಆಸುಪಾಸು, ನಮ್ಮದಕ್ಕಿಂತ ತುಂಬಾ ಕಡಿಮೆ. ಆದರೆ ರೀಫಿನ ಮೇಲೆ ಎರಡೇ ಅಡಿ ನೀರಿರುವ ಕಡೆ ಒಂದು ಅಡಿ ಹೋದರೆ ಏನು ಉಳಿಯಿತು? ಹುಣ್ಣಿಮೆಗೆ ಇಳಿತ ಇನ್ನೂ ಕೆಳಗೆ ಹೋಗುತ್ತದೆ. ಅಂದ ಹಾಗೆ ಅಲ್ಲಿ ಹುಣ್ಣಿಮೆ ಅಂದರೆ ಪೋಯ, ಸರ್ಕಾರಿ ರಜೆ, ಬಾರ್ ಎಲ್ಲ ಬಂದ್. ಅಕ್ಕನಿಗೆ ಖುಷಿಯಾಗಲಿ ಅಂತ ಹೇಳಿದೆ.

ನಿನ್ನ ದಿನ ಬರುವುದಾದರೆ ಮುಂದಿನ ಭಾನುವಾರ ಬೆಳಗ್ಗೆ. ಸ್ಕ್ರೀನ್‌ಶಾಟಿನಲ್ಲಿ 1.1 ಮೀಟರ್, 13 ಸೆಕೆಂಡ್, ಗಾಳಿ ಪಶ್ಚಿಮದಿಂದ ಸಣ್ಣಗೆ. ಭರತ ಏರುವ ಹೊತ್ತು ನೋಡಿ ಇಳಿ. ನಡುವೆ ನುಗ್ಗಬೇಡ. ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದ್ದು. ಸೀಸನ್ನಿನಲ್ಲಿ ಅಲ್ಲಿ ಜನ ಕಿಕ್ಕಿರಿದಿರುತ್ತಾರೆ, ಇನ್ನೊಬ್ಬರ ಅಲೆಗೆ ಅಡ್ಡ ಬಂದರೆ ಬೈಗುಳ ಎಲ್ಲ ಭಾಷೆಯಲ್ಲೂ ಸಿಗುತ್ತದೆ. ಬೀಳುವಾಗ ಚಾಪೆ ಹಾಸಿದ ಹಾಗೆ ಅಡ್ಡ ಬೀಳು, ತಲೆ ಕೆಳಗೆ ಮಾಡಿ ಹಾರಬೇಡ. ಮೇಲೆ ಬರುವಾಗ ಎರಡೂ ಕೈ ತಲೆಯ ಮೇಲೆ. ಕಾಲು ಮಾತ್ರ ಊರಬೇಡ. ರೀಫ್ ತರಚಿದರೆ ಸಿಹಿನೀರು, ಸೋಪು ಹಾಕಿ ತಕ್ಷಣ ತೊಳಿ, ಸಣ್ಣ ಗಾಯವೂ ಅಲ್ಲಿ ಕೀವಾಗುತ್ತದೆ. ರೀಫ್ ಬೂಟು ನನ್ನದೇ ಇದೆ, ನಿನ್ನ ಕಾಲಿಗೆ ಆಗುತ್ತದಾ ನೋಡು.

ಸೋಮವಾರ ಆಗ್ನೇಯದ ಗಾಳಿ ನಿಜವಾಗಿಯೂ 25 ಕಿಲೋಮೀಟರ್ ಬೀಸಿದರೆ ಬೋರ್ಡ್ ಮುಟ್ಟಲೇ ಬೇಡ. ಕುಮನ ಕಾಡಿನ ಕಡೆ ಸುತ್ತಾಡಿ ಬನ್ನಿ. ಪಾನಮ ದಾರಿಯಲ್ಲಿ ಸಂಜೆ ಆನೆ ದಾಟುತ್ತವೆ, ಬೈಕಿನಲ್ಲಿ ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಎಲಿಫೆಂಟ್ ರಾಕ್ ಹಿಂದಿನ ಹಿನ್ನೀರಿನಲ್ಲಿ ಮೊಸಳೆ ಇದೆ. ಉಪ್ಪು ತೊಳೆಯಲಿಕ್ಕೆ ಅಂತ ಅದರಲ್ಲಿ ಇಳಿಯಬೇಡಿ. ಇದು ತಮಾಷೆ ಅಲ್ಲ.

ಬುಧವಾರ ರಾತ್ರಿ ಇನ್ನೊಂದು ಸ್ಕ್ರೀನ್‌ಶಾಟ್ ಹಾಕು. ಸೆಕೆಂಡು, ದಿಕ್ಕು, ಗಾಳಿ ಎಲ್ಲ ಕಾಣುವ ಹಾಗೆ ಇಡೀ ಪುಟ ತೆಗೆ. ಭಾವ, ಬೂಟು ಕೊಡಲಿಕ್ಕೆ ನಾಳೆ ಸಂಜೆ ನಾನೇ ಆ ಕಡೆ ಬರುತ್ತೇನೆ, ಮಳೆ ಬಿಟ್ಟರೆ. ಅಕ್ಕಾ, ಪತ್ರೊಡೆ ಮಾಡಿದ್ದರೆ ಎರಡು ಎತ್ತಿಡು.