ಇಟಲಿಯಲ್ಲಿ 9 ರಾತ್ರಿ: ಹೋಟೆಲ್ ಮೊದಲಾ, ಟಿಕೆಟ್ ಮೊದಲಾ?

ಬಿಟ್ಟಂಗಾಲ ತೋಟ:
ರೋಬಸ್ಟಾ ಕಾಫಿ ಕೊಯ್ಲು ಮುಗಿದು ಹೂಮಳೆಯೂ (ಕಾಫಿ ಹೂ ಅರಳಿಸುವ ಮಳೆ) ಆಗಿರುತ್ತದೆ ಎಂಬ ಲೆಕ್ಕದಲ್ಲಿ ಏಪ್ರಿಲ್ 22ಕ್ಕೆ ರೋಮ್‌ನಲ್ಲಿ ಇಳಿದು ಮೇ 1ಕ್ಕೆ ಮಿಲಾನ್‌ನಿಂದ ಹೊರಡುವ ಯೋಚನೆ. ಐದು ಜನ: ನಾವಿಬ್ಬರು, 68ರ ಅಮ್ಮ (ಮಂಡಿನೋವು, ಮೆಟ್ಟಿಲು ಹೆಚ್ಚು ಆಗಲ್ಲ), 16 ಮತ್ತು 9 ವರ್ಷದ ಮಕ್ಕಳು. ಕೊಲೊಸಿಯಂ, ವ್ಯಾಟಿಕನ್, ಪೊಂಪೈ (ಹಳೆಯ ರೋಮನ್ ಊರಿನ ಅವಶೇಷ), ಫ್ಲಾರೆನ್ಸ್, ವೆನಿಸ್, ಮಿಲಾನ್‌ನ ಲಾಸ್ಟ್ ಸಪ್ಪರ್ (ಲಿಯೊನಾರ್ಡೊನ ಗೋಡೆಚಿತ್ರ) ಪಟ್ಟಿಯಲ್ಲಿವೆ. ಈಗ ಹೋಟೆಲ್ ಬುಕ್ ಮಾಡಿ, ಟಿಕೆಟ್ ಅಲ್ಲೇ ಹೋಗಿ ತಗೊಂಡರೆ ಆಗುತ್ತದಾ? ಪಾಸ್‌ಪೋರ್ಟ್‌ಗಳಲ್ಲಿ ನಮ್ಮ ಮನೆಹೆಸರು ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ, ಅಮ್ಮನಿಗೆ ಇಲ್ಲವೇ ಇಲ್ಲ. ಅದರಿಂದ ತೊಂದರೆ ಇದೆಯಾ?

ಕಲ್ಲುಗಾರೆ:
ಅಲ್ಲೇ ಹೋಗಿ ತಗೊಳ್ಳುವ ಯೋಚನೆ ಬಿಟ್ಟುಬಿಡಿ. ಇಡೀ ಪ್ರವಾಸವನ್ನು ಮಿಲಾನ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ, ಏಕೆಂದರೆ ಅತಿ ಕಷ್ಟದ ಟಿಕೆಟ್ ಲಾಸ್ಟ್ ಸಪ್ಪರ್‌ನದು. ಕೆಲವು ತಿಂಗಳ ಟಿಕೆಟ್ ಒಟ್ಟಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಒಳಗೆ ಒಂದು ಗುಂಪಿಗೆ ಸಿಗುವುದು 15 ನಿಮಿಷ, ಅಷ್ಟೇ. ಸೋಮವಾರ ರಜೆ.

ಇಷ್ಟು ಬಿಗಿ ಯಾಕೆಂದರೆ, ಲಿಯೊನಾರ್ಡೊ ಹಸಿ ಗಾರೆಯ ಮೇಲೆ ಬಣ್ಣ ಹಚ್ಚಲಿಲ್ಲ. ಹಸಿ ಗಾರೆಯಾದರೆ ಬಣ್ಣ ಸುಣ್ಣದೊಳಗೇ ಸೇರಿ ಗಟ್ಟಿಯಾಗುತ್ತದೆ, ಆದರೆ ಗಾರೆ ಆರುವುದರೊಳಗೆ ಬೇಗ ಬೇಗ ಮುಗಿಸಬೇಕು. ಅವನಿಗೆ ನಿಧಾನ ಬೇಕಿತ್ತು. ಒಣ ಗೋಡೆಯ ಮೇಲೆ ಬರೆದ, ಅವನ ಕಾಲದಲ್ಲೇ ಉದುರಲು ಶುರುವಾಯಿತು. ಕೊನೆಯ ದೊಡ್ಡ ದುರಸ್ತಿ 1978ರಿಂದ 1999ರ ತನಕ ನಡೆಯಿತು. ನಮ್ಮ ಉಸಿರಿನ ತೇವ, ಬಟ್ಟೆಯ ಧೂಳು ಎರಡೂ ಅದಕ್ಕೆ ಆಗದು, ಅದಕ್ಕೇ ಗಾಜಿನ ಬಾಗಿಲುಗಳ ನಡುವೆ ನಿಲ್ಲಿಸಿ ಒಳಗೆ ಬಿಡುವುದು. ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್ ಚಾವಣಿಯ ಚಿತ್ರ (1508–1512) ಹಸಿ ಗಾರೆಯ ಕೆಲಸ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಮಿಲಾನ್ ದಿನ ಸಿಕ್ಕಿದ ಮೇಲೆ ವ್ಯಾಟಿಕನ್, ಆಮೇಲೆ ಫ್ಲಾರೆನ್ಸ್. ಕೊಲೊಸಿಯಂ ಟಿಕೆಟ್ ಬಿಡುವುದೇ 30 ದಿನ ಮೊದಲು, ಅಧಿಕೃತ ಸೈಟ್‌ನಲ್ಲೇ ತೆಗೆಯಿರಿ. 18 ಯೂರೋ ಟಿಕೆಟ್‌ನಲ್ಲಿ ಪಕ್ಕದ ಹಳೆಯ ರೋಮಿನ ಅವಶೇಷಗಳಾದ ಫೋರಂ, ಪ್ಯಾಲಟೈನ್ ಗುಡ್ಡವೂ ಸೇರಿದೆ. 18 ವರ್ಷದೊಳಗಿನವರಿಗೆ ಉಚಿತ, ಆದರೂ ಮಕ್ಕಳ ಹೆಸರಲ್ಲಿ ಟಿಕೆಟ್ ಇರಲೇಬೇಕು. ವ್ಯಾಟಿಕನ್ ಬೇರೆ ದೇಶ, ಈ ಉಚಿತ ಅಲ್ಲಿ ನಡೆಯಲ್ಲ.

ರಜೆಗಳು: ಫ್ಲಾರೆನ್ಸ್‌ನ ಮ್ಯೂಸಿಯಂಗಳಾದ ಉಫಿಝಿ, ಅಕಾಡೆಮಿಯಾ ಎರಡೂ ಸೋಮವಾರ ಮುಚ್ಚಿರುತ್ತವೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಇಲ್ಲ. ತಿಂಗಳ ಕೊನೆಯ ಭಾನುವಾರ ಉಚಿತವಾಗಿ ತೆಗೆಯುತ್ತಾರೆ, ಅಮ್ಮನನ್ನು ಕರೆದುಕೊಂಡು ಆ ನೂಕುನುಗ್ಗಲಿಗೆ ಹೋಗಬೇಡಿ. ಏಪ್ರಿಲ್ 25 ಇಟಲಿಯಲ್ಲಿ ರಾಷ್ಟ್ರೀಯ ರಜೆ, ಎಲ್ಲ ಕಡೆ ಜನ. ಮೇ 1ಕ್ಕೆ ಏನೂ ಇಟ್ಟುಕೊಳ್ಳಬೇಡಿ, ಏರ್‌ಪೋರ್ಟ್‌ಗೆ ಬೇಗ ಹೊರಡಿ.

ಹೆಸರಿನ ವಿಷಯ: ಕೊಲೊಸಿಯಂ, ಪೊಂಪೈ ಟಿಕೆಟ್‌ಗಳು ಹೆಸರಿನ ಮೇಲೆ ಬರುತ್ತವೆ, ಗೇಟಲ್ಲಿ ಪಾಸ್‌ಪೋರ್ಟ್ ಕೇಳಬಹುದು. ನಾವು ಮನೆಹೆಸರು ಮುಂದೆ ಬರೆಯುವ ರೂಢಿ ಮರೆತು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಅಂತ ಇರುವುದನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ. ಅಮ್ಮನದು ಖಾಲಿ ಇದ್ದರೆ ಇರುವ ಹೆಸರನ್ನೇ ಎರಡೂ ಕಡೆ ಬರೆಯಿರಿ. ಇನಿಷಿಯಲ್ ಬೇಡ.

ಬಿಟ್ಟಂಗಾಲ ತೋಟ:
ತುಂಬಾ ಉಪಕಾರ ಅಣ್ಣ. ಅಮ್ಮನಿಗೆ ಪೊಂಪೈ ಆಗುತ್ತದಾ? ವೀಸಾಕ್ಕೆ ಹೋಟೆಲ್ ಬುಕಿಂಗ್ ತೋರಿಸಬೇಕಲ್ಲ?

ಪೊನ್ನಂಪೇಟೆ ಅಕ್ಕ:
ವೀಸಾಕ್ಕೆ ಬೇಕು. ರದ್ದು ಮಾಡಬಹುದಾದ ಹೋಟೆಲ್ ಹಾಕಿ, ಟಿಕೆಟ್ ದಿನ ಹೊಂದಿಸಿದ ಮೇಲೆ ಬದಲಿಸಿ. ಪ್ರಯಾಣಕ್ಕೆ 6 ತಿಂಗಳು ಮೊದಲಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೋ, 9ರ ಮಗುವಿಗೆ 45, ಅದರ ಮೇಲೆ ವೀಸಾ ಅರ್ಜಿ ಕೇಂದ್ರದ ಸರ್ವಿಸ್ ಚಾರ್ಜ್. ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಲೇಬೇಕು, ಕೊಯ್ಲಿನ ಮಧ್ಯೆ ಒಂದು ದಿನ ಈಗಲೇ ಎತ್ತಿಡಿ.

ಪೊಂಪೈ ಮೆಟ್ಟಿಲಿಗಿಂತ ಕಲ್ಲಿನ ಕಷ್ಟ. ಬೀದಿಗೆ ಹಾಸಿದ್ದು ಉರುಟು ಲಾವಾ ಬಂಡೆ, ಬಂಡಿ ಚಕ್ರ ಕೊರೆದ ಗೀರು ಇನ್ನೂ ಆಳವಾಗಿದೆ, ಪಾದ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಬೀದಿ ದಾಟಲು ನಡುವೆ ನಿಲ್ಲಿಸಿದ ಎತ್ತರದ ಕಲ್ಲುಗಳಿವೆ. ಮಕ್ಕಳಿಗೆ ಅದೇ ಖುಷಿ, ಮಂಡಿನೋವಿನವರಿಗೆ ಶಿಕ್ಷೆ. ಗಾಲಿಕುರ್ಚಿ ಹೋಗುವಂತೆ ಸಮತಟ್ಟು ಮಾಡಿದ ದಾರಿಯೊಂದಿದೆ, ಅದು ಆಂಫಿಥಿಯೇಟರ್ ಕಡೆಯ ಗೇಟಿನಿಂದ ಶುರು. ಅಮ್ಮನನ್ನು ಅಲ್ಲಿಂದಲೇ ಕರೆದುಕೊಂಡು ಹೋಗಿ. 30×30×15 ಸೆಂ.ಮೀ.ಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ. ದಿನಕ್ಕೆ 20,000 ಜನರ ಮಿತಿ ಇದೆ.

ಫ್ಲಾರೆನ್ಸ್‌ನ ದೊಡ್ಡ ಚರ್ಚು ಡುಓಮೊದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಮಕ್ಕಳನ್ನು ಒಬ್ಬರು ಕರೆದೊಯ್ಯಲಿ. ಒಳ ಗುಮ್ಮಟ, ಹೊರ ಗುಮ್ಮಟ ಎಂದು ಎರಡಿವೆ, ಮೆಟ್ಟಿಲು ಅವೆರಡರ ಸಂದಿನಲ್ಲೇ ಏರುತ್ತದೆ. ಆ ಹೊತ್ತಿಗೆ ಅಮ್ಮ ಹಿಂದಿನ ಡುಓಮೊ ಮ್ಯೂಸಿಯಂಗೆ ಹೋಗಲಿ, ಲಿಫ್ಟ್ ಇದೆ. ಹೊರಗೆ ಬ್ಯಾಪ್ಟಿಸ್ಟ್ರಿಯಲ್ಲಿ (ದೀಕ್ಷಾಸ್ನಾನದ ಕಟ್ಟಡ) ಜನ ಮುಗಿಬಿದ್ದು ಫೋಟೋ ತೆಗೆಯುವ ಚಿನ್ನದ ಬಾಗಿಲು ನಕಲು, ಶಿಲ್ಪಿ ಗಿಬರ್ಟಿಯ ಅಸಲಿ ಬಾಗಿಲು ಇರುವುದು ಈ ಮ್ಯೂಸಿಯಂನಲ್ಲಿ.

ರೈಲಿಲ್ಲದ ಜಿಲ್ಲೆ:
ನನ್ನ ಹೆಸರೇ ಹೇಳುವಂತೆ ನಮಗೆ ರೈಲಿನ ಅಭ್ಯಾಸ ಕಡಿಮೆ, ಅದಕ್ಕೇ ಇಷ್ಟು. ಸ್ಟೇಷನ್ ಬೋರ್ಡಿನಲ್ಲಿ ಫ್ಲಾರೆನ್ಸ್ ಅಂತ ಹುಡುಕಬೇಡಿ, ಅದು ಫಿರೆಂಝೆ. ವೆನಿಸ್ ವೆನೆಝಿಯಾ, ನೇಪಲ್ಸ್ ನಾಪೊಲಿ. ವೆನೆಝಿಯಾ ಮೆಸ್ತ್ರೆ ಇರುವುದು ದಡದಲ್ಲಿ, ದ್ವೀಪಕ್ಕೆ ಹೋಗಲು ಮುಂದಿನ ಸಾಂತಾ ಲೂಚಿಯಾದಲ್ಲೇ ಇಳಿಯಬೇಕು. ನಾಪೊಲಿಯಿಂದ ಪೊಂಪೈಗೆ ಸೊರೆಂಟೊ ಕಡೆಯ ಚಿರ್ಕುಂವೆಸುವಿಯಾನಾ ರೈಲು, ಇಳಿಯುವುದು ಪೊಂಪೈ ಸ್ಕಾವಿ. ಅಕ್ಕ ಹೇಳಿದ ಗೇಟು ಅಲ್ಲಿಂದ ಊರಿನ ಆ ಕಡೆ, ಅಮ್ಮನಿಗೆ ಟ್ಯಾಕ್ಸಿ ಮಾಡಿ. ರೀಜನಲ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದುಡ್ಡು ಕೊಟ್ಟ ಟಿಕೆಟ್ಟಿಗೂ ದಂಡ.

ಏಪ್ರಿಲ್‌ನ ಕೆಲವು ದಿನ ವೆನಿಸ್‌ಗೆ ಬಂದು ಅದೇ ದಿನ ಹಿಂದಿರುಗುವವರಿಗೆ ಪ್ರವೇಶ ಶುಲ್ಕ ಇರುತ್ತದೆ. ಅಲ್ಲೇ ರಾತ್ರಿ ಉಳಿದರೆ ಇಲ್ಲ.

ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು, ಅಮ್ಮನ ಸೀರೆಗೆ ಚಿಂತೆಯೇ ಇಲ್ಲ. ಹಣ್ಣು ಕುಯ್ಯುವ ಚಿಕ್ಕ ಚಾಕುವೂ ಕೊಲೊಸಿಯಂ ಒಳಗೆ ಹೋಗಲ್ಲ, ಪೀಚೆಕತ್ತಿಯ (ಕೊಡವರ ಸೊಂಟದ ಕಠಾರಿ) ಮಾತಂತೂ ಬೇಡ. ಕಾಫಿ ಕೌಂಟರ್ ಮುಂದೆ ನಿಂತೇ ಕುಡಿಯಿರಿ, ಕೂತರೆ ದರ ಏರುತ್ತದೆ. ಭಾರತದ ಕಾಫಿ ಅತಿ ಹೆಚ್ಚು ಕೊಳ್ಳುವ ದೇಶ ಅದು, ನಿಮ್ಮ ತೋಟದ್ದೇ ಆ ಕಪ್ಪಿನಲ್ಲಿದ್ದರೂ ಇರಬಹುದು.